ರವಿವಾರದ ಪಲ್ಟಿ

ನನ್ನ ಗೆಳೆಯನ ಎದುರು ವಾದದಲ್ಲಿ ನಾನು ಒಮ್ಮೆಯೂ ಗೆದ್ದವನಲ್ಲ. ಇದನ್ನು ತಮಾಷೆಗೆ ಹೇಳುತ್ತಿಲ್ಲ, ಹೊಟ್ಟೆಯ ಸಂಕಟಕ್ಕೆ ಹೇಳುತ್ತಿದ್ದೇನೆ. ಹಾಡುಗಳ ವಿಷಯದಲ್ಲಿ ಸೋತೆ, ಹಾಳಾಗಿ ಹೋಗಲಿ. ಬ್ಯಾಂಡುಗಳ ವಿಷಯದಲ್ಲಿ ಸೋತೆ, ಅದೂ ಹೋಗಲಿ. ಆದರೆ ಅವನ ಗಂಟಲಿನಲ್ಲಿ ಗಡ್ಡೆ ಬೆಳೆದು, ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ ಎಂದು ಪರೇಲಿನ ಕ್ಯಾನ್ಸರ್ ಆಸ್ಪತ್ರೆಯ ಡಾಕ್ಟರು ಹೇಳಿದರು. ಇವನು 'ನಾ ತೆಗಸಂಗಿಲ್ಲ' ಎಂದು ಹಟ ಹಿಡಿದು ಕೂತ. ಅವನನ್ನು ಒಪ್ಪಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಇಡೀ ಮುಂಬೈಯಲ್ಲಿ ಆ ಕೆಲಸಕ್ಕೆ ನನ್ನಷ್ಟು ನಾಲಾಯಕ್ಕು ಮನುಷ್ಯ ಇನ್ನೊಬ್ಬ ಇರಲಿಲ್ಲ.

ಅವನದು ಮುಂಬೈಯ ಉತ್ತರ ತುದಿಯ ದಹಿಸರಿನಲ್ಲಿ ಫ್ಯಾನು, ಟ್ಯೂಬ್‌ಲೈಟು, ವೈರು ಮಾರುವ ಅಂಗಡಿ. ಅವರಪ್ಪ ವಿಜಯಪುರದಿಂದ ಬಂದು ಹಾಕಿದ್ದು. ರಸ್ತೆಯ ಆಚೆ ಹೋಗುವ ಗಿರಾಕಿಯನ್ನು ಗಲ್ಲಾದ ಮೇಲೆ ಕೂತಲ್ಲಿಂದಲೇ ಕರೆದು ಪಳಗಿದ ದನಿ ಅವನದು. ನಮ್ಮದು ಧಾರವಾಡದ ಮನೆತನ, ಇದೇ ದಹಿಸರಿನಲ್ಲಿ ಎರಡು ಬಿಲ್ಡಿಂಗ್ ಆಚೆ. ಕಾಲೇಜಿನ ದಿನಗಳಲ್ಲಿ ಲೋಕಲ್ ರೈಲಿನ ಬಾಗಿಲಲ್ಲಿ ನಿಂತು ಒಂದೇ ಇಯರ್‌ಫೋನಿನ ಒಂದು ತುದಿ ಅವನ ಕಿವಿಗೆ, ಇನ್ನೊಂದು ನನ್ನ ಕಿವಿಗೆ ಹಾಕಿಕೊಂಡು ಬರುತ್ತಿದ್ದೆವು. ಯಾರೂ ಕೇಳದ ಬ್ಯಾಂಡುಗಳು, ಕಂಪನಿಗಳ ಹಂಗಿಲ್ಲದೆ ಹುಡುಗರು ತಾವೇ ಕೈಯಿಂದ ಖರ್ಚು ಹಾಕಿ ಮಾಡಿದ ಆಲ್ಬಂಗಳು. ಮನೆಯಲ್ಲಿ ಅದನ್ನು ಹಾಡು ಅನ್ನುವುದಕ್ಕೇ ಯಾರೂ ತಯಾರಿರಲಿಲ್ಲ. ಬೋರಿವಲಿ ಬರುವ ಹೊತ್ತಿಗೆ ನಮ್ಮ ಜಗಳ ಶುರುವಾಗಿರುತ್ತಿತ್ತು, ದಹಿಸರ್ ಬರುವ ಹೊತ್ತಿಗೆ ನಾನು ಸೋತಿರುತ್ತಿದ್ದೆ.

ಮುಂದೆ ಅದೇ ರವಿವಾರದ ಪದ್ಧತಿಯಾಯಿತು. ಅವನ ಮನೆಯ ಹಾಲ್‌ನಲ್ಲಿ, ಬೆಳಗಿನ ನಾಷ್ಟಾ ಆದ ಮೇಲೆ, ಒಂದು ಆಲ್ಬಂ ಮೊದಲಿನಿಂದ ಕೊನೆಯತನಕ. ನಡುವೆ ಹಾಡು ಹಾರಿಸುವ ಹಾಗಿಲ್ಲ, ಹಾಡು ನಡೆದಾಗ ಉಸಿರೆತ್ತುವ ಹಾಗಿಲ್ಲ. ಫೋನು ಅಡಿಗೆಮನೆಯಲ್ಲಿ ಅವನ ಹೆಂಡತಿಯ ಹತ್ತಿರ. ಆಕೆಯನ್ನು ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತೇನೆ. ಆಲ್ಬಂ ಮುಗಿದ ಮೇಲೆ ವೈನಿ ಚಹಾ ಕಳಿಸುತ್ತಿದ್ದರು, ಅಲ್ಲಿಂದ ವಾದ. ಸೋತವನು ಬಾಯಿಬಿಟ್ಟು ಸೋತೆ ಅನ್ನಬೇಕಾಗಿರಲಿಲ್ಲ. ಎದ್ದು ಎಲ್ಲರ ಕಪ್ಪು ಎತ್ತಿಕೊಂಡು ಅಡಿಗೆಮನೆಯಲ್ಲಿ ಇಟ್ಟು ಬಂದರೆ ಆಯಿತು. ಆ ಮನೆಯ ಕಪ್ಪುಗಳನ್ನು ನಾನು ಎತ್ತಿದಷ್ಟು ವೈನಿಯೂ ಎತ್ತಿರಲಿಕ್ಕಿಲ್ಲ.

ಮೂರನೆಯವಳು ಬಾಂದ್ರಾದ ಗೆಳತಿ. ಜಾಹೀರಾತುಗಳ ಸೌಂಡ್ ಕೂಡಿಸುವ ಸ್ಟುಡಿಯೋದಲ್ಲಿ ಕೆಲಸ. ಅಪ್ಪ ಅಮ್ಮ ಕರಾವಳಿಯವರು, ಮನೆಯಲ್ಲಿ ತುಳು, ಹೊರಗೆ ಹಿಂದಿ. ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು, ಆಡಲು ಕಲಿತದ್ದು ಮಾತ್ರ ನಮ್ಮಿಬ್ಬರ ಜಗಳ ಕೇಳಿ. ಹಾಗಾಗಿ ಅವಳ ಬಾಯಲ್ಲಿ ಬರುವ ಕನ್ನಡವೆಲ್ಲ ಬೈಗುಳದ ಧಾಟಿಯದು. ಸಭ್ಯವಾಗಿ ಮಾತಾಡಬೇಕಾದಾಗ ಹಿಂದಿಗೆ ಹೋಗಿಬಿಡುತ್ತಿದ್ದಳು.

ಪಲ್ಟಿ ಎಂಬ ನಿಯಮ ತಂದವಳು ಅವಳೇ. ವಾದ ಒಂದೇ ಕಡೆ ಎಳೆಯತೊಡಗಿದರೆ ಮೂವರಲ್ಲಿ ಯಾರು ಬೇಕಾದರೂ 'ಪಲ್ಟಿ' ಅನ್ನಬಹುದು. ಅಂದ ಕೂಡಲೇ ಇಬ್ಬರೂ ಬದಿ ಬದಲಿಸಬೇಕು. ಅಲ್ಲಿಯತನಕ ಬೈದವನು ಹೊಗಳಬೇಕು, ಹೊಗಳಿದವನು ಬೈಯಬೇಕು. ಅದೂ ಮನಸ್ಸಿಟ್ಟು. ಬೇಕಂತಲೇ ಸೋತರೆ ಅದು ಕಳ್ಳಾಟ, ಆ ದಿನದ ಆಟವೇ ರದ್ದು. ಒಂದೇ ದಿನ ಎರಡು ಸಲ ಪಲ್ಟಿ ಇಲ್ಲ.

ಶಿಲ್ಲಾಂಗಿನ ಹುಡುಗಿಯೊಬ್ಬಳು ತನ್ನ ಮಲಗುವ ಕೋಣೆಯಲ್ಲೇ ಹಾಡಿ ರೆಕಾರ್ಡ್ ಮಾಡಿದ ಆಲ್ಬಂ ಒಂದನ್ನು ಕೇಳಿದ್ದೆವು. ಮೂರನೆಯ ಹಾಡಿನ ನಡುವೆ ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆಯುತ್ತದೆ. ನಾನು ಇದು ಬೇಜವಾಬ್ದಾರಿ ಅಂದೆ. ಅವನು, ಇಡೀ ಆಲ್ಬಂನಲ್ಲಿ ಖರೇ ಇರುವ ಜಾಗ ಅದೊಂದೇ ಅಂದ. ಪಲ್ಟಿ ಆಯಿತು. ನಾನು ಆ ಸೀಟಿಯನ್ನು ಹೊಗಳುತ್ತ ಹೊಗಳುತ್ತ ನಿಜವಾಗಿಯೂ ಅದನ್ನು ಇಷ್ಟಪಟ್ಟುಬಿಟ್ಟೆ. ಅವನು ಬೈಯಲು ಶುರು ಮಾಡಿದವನು ನಾನು ಹೇಳಿದ್ದಕ್ಕಿಂತ ಹತ್ತು ಪಟ್ಟು ಚೆನ್ನಾಗಿ ಬೈದ. ಎರಡೂ ಬದಿಯಿಂದ ಅವನೇ ಗೆದ್ದ. ಅಂಥ ಮನುಷ್ಯ ಅವನು, ಏನು ಮಾಡುತ್ತೀರಿ.

ಮಳೆಗಾಲ ಕಳೆದ ಮೇಲೆ ಅವನ ದನಿ ಒಡೆಯಿತು. ಅಂಗಡಿಯ ಧೂಳು ಅಂದ. ಬಿಲ್ಡಿಂಗಿನ ಟೆರೇಸಿಗೆ ಹೋಗಿ ಸೇದುತ್ತಿದ್ದ ಸಿಗರೇಟಿನ ಮಾತು ನಾನು ಎತ್ತಿದರೆ, ಒಡಕು ದನಿ ಆಲ್ಟರ್ನೇಟಿವ್ ಮ್ಯೂಸಿಕ್ಕಿಗೆ ಚಲೋ ಹೊಂದತೈತಿ ಎಂದು ನಕ್ಕ. ವೈನಿ ಹೊರಡಿಸಿಕೊಂಡು ಪರೇಲಿಗೆ ಕರೆದೊಯ್ದರು. ನನ್ನ ಆಫೀಸು ಅಲ್ಲೇ, ಹಿಂದೆ ಗಿರಣಿ ಇದ್ದ ಜಾಗದಲ್ಲಿ. ಮಧ್ಯಾಹ್ನ ಊಟ ಬಿಟ್ಟು ಆಸ್ಪತ್ರೆಗೆ ನಡೆದು ಹೋದೆ. ಡಾಕ್ಟರು ಚಿತ್ರ ಬರೆದು ತಿಳಿಸಿದರು: ಧ್ವನಿಪೆಟ್ಟಿಗೆ ಪೂರ್ತಿ ಹೋಗುತ್ತದೆ, ಇನ್ನು ಮೇಲೆ ಉಸಿರಾಟ ಕುತ್ತಿಗೆಯ ಕೆಳಗೆ ಮಾಡುವ ತೂತಿನಿಂದ, ಆಮೇಲೆ ಬೇಕಾದರೆ ಒಂದು ಉಪಕರಣ ಇಟ್ಟುಕೊಂಡು ಮಾತಾಡಲು ಕಲಿಯಬಹುದು, ಆದರೆ ಈಗಿನ ದನಿ ಬರುವುದಿಲ್ಲ.

ಹೊರಗೆ ಬಂದು ಫುಟ್‌ಪಾತಿನ ಮೇಲೆ ನಿಂತು ಅವನು ಅಂದದ್ದು ಇಷ್ಟು: "ಇಷ್ಟು ವರ್ಷ ಆಟೋಟ್ಯೂನ್ ಹಾಕ್ಕೊಂಡು ದನಿ ತಿದ್ದಿಸಿ ಹಾಡಾವ್ರಿಗೆ ಬೈದೀನಿ. ಈಗ ನಾನs ಮಷೀನ್ ಹಚ್ಚಿಕೊಂಡು ಮಾತಾಡ್ಲೇನು? ನಾ ಒಲ್ಲೆ."

ನಾನು ನಗಲಿಲ್ಲ. ವೈನಿ ನನ್ನ ಮುಖ ನೋಡಿದರು. ನಾನು ಟ್ಯಾಕ್ಸಿ ಕರೆದೆ.

ಮನೆಯಲ್ಲಿ ವೈನಿ ಅತ್ತರು, ಬೈದರು, ಊಟ ಬಿಟ್ಟರು. ಅವನ ಅಣ್ಣ ವಿಜಯಪುರದಿಂದ ಫೋನು ಮಾಡಿ ಗದರಿಸಿದ. ಎಲ್ಲದಕ್ಕೂ ಅವನ ಹತ್ತಿರ ಉತ್ತರವಿತ್ತು. ಅದೇ ಅವನ ರೋಗ, ಗಡ್ಡೆಗಿಂತ ದೊಡ್ಡದು. ಒಂದು ಸಂಜೆ ನಾನು ಹೊರಟಾಗ ವೈನಿ ಹೊರಗೆ ಮೆಟ್ಟಿಲ ತನಕ ಬಂದರು. ಒಳಗೆ ಕೇಳಬಾರದೆಂದು ಬಾಗಿಲು ಮುಂದೆ ಮಾಡಿ ನಿಂತರು.

"ಅಣ್ಣಾ, ನನ್ನ ಮಾತು ಅವರಿಗೆ ಮಾತs ಅಲ್ಲ. ಅಳತಾಳ ಅಂತ ಬಿಟ್ಟು ಬಿಡ್ತಾರ. ನಿಮ್ಮ ಜೋಡಿ ಆದ್ರ ಕೂತು ವಾದ ಮಾಡ್ತಾರ. ನೀವು ಗೆಲ್ಲಬೇಕ್ರಿ."

"ವೈನಿ, ನಾ ಯಾವತ್ತ ಗೆದ್ದೀನ್ರಿ?"

"ಈ ಸಲ ಗೆಲ್ರಿ" ಅಂದರು. ಅಷ್ಟು ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದರು. ನಾನು ಲಿಫ್ಟಿಗೆ ಕಾಯದೆ ಮೆಟ್ಟಿಲು ಇಳಿದೆ. ಒಬ್ಬ ಮನುಷ್ಯನ ಜೀವವನ್ನು ನನ್ನ ಬಾಯಿಯ ಮೇಲೆ ಇಡಬಾರದಿತ್ತು ದೇವರು, ಇಡಬಾರದಿತ್ತು.

ನಾನೂ ಬಾಂದ್ರಾದ ಗೆಳತಿಯೂ ಸೇರಿ ಒಂದು ಉಪಾಯ ಮಾಡಿದೆವು. ಈಗ ನೆನಪಾದರೆ ಮೈಯೆಲ್ಲ ಉರಿಯುತ್ತದೆ, ಅಷ್ಟು ಎಳಸು ಉಪಾಯ. ಹಾಡುವವರೇ ಇಲ್ಲದ ಆಲ್ಬಂ ಒಂದನ್ನು ಹುಡುಕಿದೆವು. ಬರೀ ಗಿಟಾರು, ಡ್ರಮ್ಸು, ಒಂದು ಹಳೆಯ ಹಾರ್ಮೋನಿಯಂ. ಅವನು ಅದನ್ನು ಮೆಚ್ಚುತ್ತಾನೆ, ಆಗ ನಾವು, ನೋಡು, ದನಿ ಇಲ್ಲದೆಯೂ ಎಷ್ಟು ಹೇಳಬಹುದು ಎಂದು ಶುರು ಮಾಡುವುದು. ಅಂಥ ಯೋಚನೆ ಬೇರೆ ಯಾರ ತಲೆಗೂ ಬರಲಿಕ್ಕಿಲ್ಲ, ನಮ್ಮಂಥ ಹುಚ್ಚರ ತಲೆಗೆ ಮಾತ್ರ.

ರವಿವಾರ ಹಾಕಿದೆವು. ಎರಡನೆಯ ತುಣುಕು ಮುಗಿಯುವ ಮೊದಲೇ ಅವನು ಎದ್ದು ಸ್ಪೀಕರಿನ ವೈರು ಕಿತ್ತ. ಅಷ್ಟು ವರ್ಷಗಳಲ್ಲಿ ಆಲ್ಬಂ ನಡುವೆ ನಿಂತದ್ದು ಅದೇ ಮೊದಲು.

"ನನ್ನೇನ ಕೂಸು ಅಂತ ತಿಳದೀರೇನು?" ಅಂದ. ಸಿಟ್ಟಿಗೆ ದನಿ ಸೀಳಿ ಅರ್ಧ ಮಾತು ಬರೀ ಗಾಳಿಯಾಯಿತು. "ಹಾಡಾವ್ರು ಇಲ್ಲದ ಬ್ಯಾಂಡು ಬ್ಯಾರೆ, ಹಾಡಾವನ್ನ ಕೊಂದು ಹಾಕಿದ ಬ್ಯಾಂಡು ಬ್ಯಾರೆ. ಇಷ್ಟು ವರ್ಷ ನನ್ನ ಜೋಡಿ ಕೂತು ಇಷ್ಟs ಕಲ್ತೇನಲೇ?"

ಗೆಳತಿ "ಸಾರಿ ಯಾರ್" ಅಂದಳು. ನಾನು ಕಪ್ಪು ಎತ್ತಲು ಎದ್ದೆ. ಚಹಾ ಇನ್ನೂ ಬಂದೇ ಇರಲಿಲ್ಲ, ಕೈಗೆ ಸಿಕ್ಕದ್ದು ನೀರಿನ ಲೋಟ. ಅಡಿಗೆಮನೆಯಲ್ಲಿ ವೈನಿ ಗ್ಯಾಸಿನ ಮುಂದೆ ನಿಂತಿದ್ದರು, ಹಿಂತಿರುಗಿ ನೋಡಲಿಲ್ಲ.

ಆ ವಾರ ನಾನು ಆಫೀಸಿನಲ್ಲಿ ಏನು ಕೆಲಸ ಮಾಡಿದೆನೋ ನನಗೇ ಗೊತ್ತಿಲ್ಲ. ಮಧ್ಯಾಹ್ನ ಮತ್ತೆ ಆ ಡಾಕ್ಟರ ಕೋಣೆಯ ಮುಂದೆ ಕೂತೆ. ಇನ್ನು ತಡ ಮಾಡಿದರೆ ಆಪರೇಷನ್ನೂ ಕೈಗೆ ಸಿಗುವುದಿಲ್ಲ, ಗಡ್ಡೆ ಆಚೆ ದಾಟುತ್ತದೆ, ಆಮೇಲೆ ನನ್ನ ಹತ್ತಿರ ಬರಬೇಡಿ ಎಂದು ಅವರು ನೇರವಾಗಿ ಹೇಳಿದರು. ಲೋವರ್ ಪರೇಲಿನಿಂದ ದಹಿಸರ್ ತನಕ ಲೋಕಲ್‌ನಲ್ಲಿ ಜನರ ನಡುವೆ ಸಿಕ್ಕಿಕೊಂಡು ನಿಂತು, ರವಿವಾರ ಏನು ಹೇಳಬೇಕು, ಅದಕ್ಕೆ ಅವನು ಏನು ಹೇಳುತ್ತಾನೆ, ಅದಕ್ಕೆ ನಾನೇನು ಹೇಳಬೇಕು ಎಂದು ತಲೆಯಲ್ಲೇ ಆಡಿದೆ. ತಲೆಯಲ್ಲೂ ಅವನೇ ಗೆಲ್ಲುತ್ತಿದ್ದ. ಸಿಟ್ಟು ಬಂದು ಪಕ್ಕದವನಿಗೆ ಮೊಣಕೈ ತಾಗಿತೋ ಏನೋ, ಅವನು ಮರಾಠಿಯಲ್ಲಿ ಬೈದ. ಬೈಸಿಕೊಂಡೆ.

ಮುಂದಿನ ರವಿವಾರ ಯಾರೂ ಆಲ್ಬಂ ತಂದಿರಲಿಲ್ಲ. ವೈನಿ ನಾಷ್ಟಾಕ್ಕೆ ಚುರುಮುರಿ ಒಗ್ಗರಣೆಯ ಸುಸಲಾ ಮಾಡಿದ್ದರು. ಅದು ಅವನ ಗಂಟಲಿಗೆ ಚುಚ್ಚುತ್ತಿತ್ತು, ತಟ್ಟೆ ಹಾಗೇ ಸರಿಸಿದ. ಚಹಾ ಬಂತು. ನಾನು ನೇರವಾಗಿ ಶುರು ಮಾಡಿದೆ. ಸಾಯತಿ ಅಂದೆ. ವೈನಿಯ ಗತಿ ಏನು ಅಂದೆ. ಅಂಗಡಿ ಯಾರು ನೋಡುತ್ತಾರೆ ಅಂದೆ. ಅವನು ಒಂದೊಂದನ್ನೇ ಎತ್ತಿ ಬದಿಗಿಟ್ಟ. ಎಲ್ಲರೂ ಸಾಯುತ್ತಾರೆ. ಹೆಂಡತಿಗೆ ಅಂಗಡಿ ನಡೆಸಲು ತನಗಿಂತ ಚೆನ್ನಾಗಿ ಬರುತ್ತದೆ. ಮೂಕನಾಗಿ ಹತ್ತು ವರ್ಷ ಕೂಡುವುದಕ್ಕಿಂತ ಮಾತಾಡುತ್ತ ಆರು ತಿಂಗಳು ಸಾಕು.

"ನಿನ್ನ ಹತ್ರ ಹೊಸಾದೇನರೆ ಐತೇನು?" ಅಂದ.

ನನಗೆ ತಲೆ ಕೆಟ್ಟಿತು. ಬಾಯಿಗೆ ಬಂದದ್ದು ಬೈದೆ. ಸ್ವಾರ್ಥಿ ಅಂದೆ, ಹೇಡಿ ಅಂದೆ, ನಿನ್ನ ದನಿಗೆ ನೀನೇ ಮರುಳಾಗಿ ಸಾಯುತ್ತಿದ್ದೀ ಅಂದೆ. ಅವನು ಸುಮ್ಮನೆ ಕೇಳಿ, ಬೈಗುಳ ವಾದ ಅಲ್ಲ ಅಂದ. ಆ ಮಾತು ನೂರು ಸಲ ಅಂದಿದ್ದಾನೆ, ಯಾವತ್ತೂ ನನಗೆ ಅವನನ್ನು ಹೊಡೆಯಬೇಕು ಅನ್ನಿಸಿರಲಿಲ್ಲ.

ಆಗ ಗೆಳತಿ "ಪಲ್ಟಿ" ಅಂದಳು.

ಇಬ್ಬರೂ ಅವಳನ್ನು ನೋಡಿದೆವು. ಅವಳ ಮುಖ ಬಿಳಿಚಿಕೊಂಡಿತ್ತು. "ಪಲ್ಟಿ ಅಂದೆ. ರೂಲ್ ಇಸ್ ರೂಲ್."

"ಇದು ಆಲ್ಬಂ ಅಲ್ಲ" ಅಂದೆ.

"ತೋ ಕ್ಯಾ? ವಾದ ಹೌದಲ್ಲ?"

ಅವನಿಗೆ ಖುಷಿಯಾಯಿತು. ಖರೇ ಹೇಳುತ್ತೇನೆ, ಎಷ್ಟೋ ವಾರಗಳ ಮೇಲೆ ಅವನ ಕಣ್ಣು ಹೊಳೆದವು. ಕಾಲು ಮಡಚಿ ಸೋಫಾದ ಮೇಲೆ ನೆಟ್ಟಗೆ ಕೂತ. "ಬಾ ಮಗನ. ನಾ ತೆಗಸಬೇಕು ಅಂತೀನಿ. ನೀ ಬ್ಯಾಡ ಅನ್ನು. ಕಳ್ಳಾಟ ಆಡಿದ್ರ ಆಟ ರದ್ದು, ಮತ್ತೊಮ್ಮೆ ಈ ಮಾತು ನನ್ನ ಮುಂದ ಎತ್ತಂಗಿಲ್ಲ. ಆತೇನು?"

ಅವನು ಸಾಯಲಿ ಎಂದು ನಾನು ಮನಸ್ಸಿಟ್ಟು ವಾದ ಮಾಡಬೇಕು. ಸೋಲಬೇಕು, ಆದರೆ ಬೇಕಂತ ಸೋಲುವ ಹಾಗಿಲ್ಲ. ನನ್ನ ಕಳ್ಳಾಟವನ್ನು ಅವನು ಒಂದೇ ಕ್ಷಣಕ್ಕೆ ಹಿಡಿಯುತ್ತಾನೆ. ನಾನು ಗೆದ್ದರೆ ಅವನು ಕಪ್ಪು ಎತ್ತುತ್ತಾನೆ, ಆಪರೇಷನ್ನಿನ ಮಾತು ಅಲ್ಲಿಗೆ ಮುಗಿಯಿತು. ಅಡಿಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು. ವೈನಿ ಕೇಳುತ್ತಿದ್ದಾರೆ ಎಂದು ಗೊತ್ತಾಯಿತು.

ಮೊದಲು ತಡವರಿಸಿದೆ. ಅಂಗಡಿಗೆ ದನಿ ಬೇಕು, ಗಿರಾಕಿ ಬೇಕು ಎಂದೇನೋ ಅಂದೆ. ಅವನು ಒಂದೇ ಮಾತಿಗೆ ಹಾರಿಸಿದ: ಫ್ಯಾನು ತಿರುಗುವುದನ್ನು ತೋರಿಸಿದರೆ ಸಾಕು, ಫ್ಯಾನು ತಾನೇ ಮಾರಾಟವಾಗುತ್ತದೆ. ಗೆಳತಿ ನನ್ನ ಕಡೆ ನೋಡಿ "ಮನಸ್ಸಿಟ್ಟು" ಅಂದಳು.

ಮನಸ್ಸಿಟ್ಟೆ. ಅದೇ ತಪ್ಪಾಯಿತು. ಬಾಯಿ ತೆರೆದರೆ ಮಾತು ಒಂದರ ಹಿಂದೆ ಒಂದು ಬರತೊಡಗಿದವು, ಹುಟ್ಟಿದಾಗಿನಿಂದ ಎಂದೂ ಬಂದಿರಲಿಲ್ಲ ಹಾಗೆ. ನಿನ್ನ ದನಿ ಹೋದರೆ ಈ ಹಾಲ್‌ನಲ್ಲಿ ಕೂತು ನಾವೇನು ಮಾಡುವುದು ಅಂದೆ. ನೀನು ಚೀಟಿಯ ಮೇಲೆ ಬರೆದು ತೋರಿಸುತ್ತೀ, ನಾವು ಪಾಪ ಎಂದು ತಲೆಯಾಡಿಸುತ್ತೇವೆ, ಯಾರೂ ನಿನಗೆ ಎದುರಾಡುವುದಿಲ್ಲ, ನೀನು ಬರೆದದ್ದೆಲ್ಲ ಸರಿ ಆಗುತ್ತದೆ, ಅದಕ್ಕಿಂತ ನರಕ ನಿನಗೆ ಯಾವುದು ಅಂದೆ. ಅವನ ಮುಖ ಒಂದು ಕ್ಷಣ ಸಣ್ಣದಾಯಿತು. ಅಯ್ಯೋ ತಗುಲಿತು ಅನ್ನಿಸಿತು, ಆದರೆ ಬಾಯಿ ನಿಲ್ಲಲಿಲ್ಲ.

"ಹಾಡಾವ ಬಿಟ್ಟು ಹೋದ ಬ್ಯಾಂಡು ಹೆಸರು ಬದಲಿಸಬೇಕು ಅಂತ ನೀನs ಅಂದೀದಿ" ಅಂದೆ. "ಎಷ್ಟು ಸಲ ಅಂದೀದಿ. ಅದೇ ಹೆಸರು ಇಟ್ಕೊಂಡು ನಡಸೂದು ಮೋಸ ಅಂದೀದಿ. ದನಿ ತಗದ ಮ್ಯಾಲ ಉಳಿಯಾವ ನೀನೇನು? ಅವನಿಗೆ ನಿನ್ನ ಹೆಸರು ಹಿಡದು ನಾ ಹೆಂಗ ಕರೀಲಿ?"

ಗೆಳತಿ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾನು ಗೆದ್ದಿದ್ದೆ. ಎದುರಿನ ಬಿಲ್ಡಿಂಗಿನಲ್ಲಿ ಯಾರೋ ಬಟ್ಟೆ ಝಾಡಿಸುವ ಸದ್ದು ಕೇಳುತ್ತಿತ್ತು. ಅವನ ಕೈ ಮೆಲ್ಲಗೆ ಟೀಪಾಯಿಯ ಕಡೆ ಹೋಯಿತು, ತನ್ನ ಕಪ್ಪಿನ ಹಿಡಿಕೆ ಹಿಡಿಯಿತು. ಏಳುತ್ತಾನೆ, ಎಲ್ಲ ಕಪ್ಪು ಎತ್ತುತ್ತಾನೆ, ಮುಗಿಯಿತು. ಜೀವನದಲ್ಲಿ ಒಮ್ಮೆ ಗೆದ್ದೆ, ಗೆದ್ದು ಗೆಳೆಯನನ್ನು ಕಳೆದುಕೊಂಡೆ ಎಂದುಕೊಂಡೆ. ದೇವರೇ, ಇವನಿಗೆ ಒಂದು ಉತ್ತರ ಹೊಳೆಯಲಿ, ಒಂದೇ ಒಂದು ಉತ್ತರ ಹೊಳೆಯಲಿ ಎಂದು ಒಳಗೇ ಬೇಡಿಕೊಂಡೆ.

ಅವನು ಕಪ್ಪು ಎತ್ತಿ ತಳದಲ್ಲಿದ್ದ ಚಹಾ ಕುಡಿದು ಮತ್ತೆ ಅಲ್ಲೇ ಇಟ್ಟ.

"ಆಲ್ಬಂ ನಡದಾಗ ನಾ ಮಾತಾಡ್ತೀನೇನು?" ಅಂದ. ದನಿ ಎಷ್ಟು ಕೆಟ್ಟಿತ್ತೆಂದರೆ ಮುಂದೆ ಬಾಗಿ ಕೇಳಬೇಕಾಯಿತು. "ಪ್ರತಿ ರವಿವಾರ ತಾಸುಗಟ್ಲೆ ಬಾಯಿ ಮುಚ್ಚಿಕೊಂಡು ಇಲ್ಲೇ ಕುಂದ್ರತೀನಿ. ಅವಾಗ ಇಲ್ಲಿ ಕುಂತಾವ ಯಾರು? ನಾ ಅಲ್ಲೇನು? ನನ್ನ ಜಲ್ಮದಾಗ ಚಲೋ ಹೊತ್ತು ಯಾವುದು ಅಂದ್ರ ಅದs. ಮಾತಾಡೂದಲ್ಲ. ಕೇಳೂದು."

ನಾನು ಏನೋ ಹೇಳಲು ಬಾಯಿ ತೆರೆದೆ. ಅವನು ಕೈ ಅಡ್ಡ ಹಿಡಿದ.

"ನಿಂದ್ರು. ಬ್ಯಾಂಡಿನ ಹೆಸರು ಅಂದಿ. ಬ್ಯಾಂಡು ಅಂದ್ರ ಹಾಡಾವೊಬ್ಬನs ಏನು? ಅಡಿಗಿಮನ್ಯಾಗ ನಲ್ಲಿ ಬಂದ್ ಮಾಡಿ ನಿಂತಾಳಲ್ಲ, ಆಕಿ ಆ ಬ್ಯಾಂಡಿನಾಗ ಇಲ್ಲೇನು? ಆಕಿಗೆ ಕೇಳೀಯೇನು, ಹೆಸರು ಬದಲ ಮಾಡಬೇಕೋ ಬ್ಯಾಡೋ ಅಂತ? ನಾ ಆಕಿಗೆ..."

ಅಲ್ಲಿಗೆ ನಿಂತ. ತಾನು ಏನು ಹೇಳುತ್ತಿದ್ದೇನೆ ಎಂಬುದು ಅವನಿಗೆ ಆಗ ಕೇಳಿಸಿತೆಂದು ಕಾಣುತ್ತದೆ. ಬಾಯಿ ಹಾಗೇ ತೆರೆದಿತ್ತು. ನಾನು ಉತ್ತರ ಹುಡುಕಿದೆ, ಪ್ರಾಮಾಣಿಕವಾಗಿ ಹುಡುಕಿದೆ, ನನ್ನ ಹತ್ತಿರ ಏನೂ ಇರಲಿಲ್ಲ. ಎದ್ದು ಕಪ್ಪುಗಳನ್ನು ಎತ್ತತೊಡಗಿದೆ.

"ಏ, ಪಲ್ಟಿ ವಾಪಸ್" ಅಂದ ಅವನು.

"ಏಕ್ ದಿನ್ ಮೇ ಏಕ್ ಹೀ" ಅಂದಳು ಗೆಳತಿ. ಅಳುತ್ತಿದ್ದಳು.

ವೈನಿ ಅಡಿಗೆಮನೆಯ ಬಾಗಿಲಿಗೆ ಬಂದು ನನ್ನ ಕೈಯಿಂದ ಕಪ್ಪು ತೆಗೆದುಕೊಂಡರು. ಅವನ ಕಡೆ ನೋಡದೆ, "ಯಾವತ್ತ ಹೋಗೂದು?" ಎಂದು ಕೇಳಿದರು. ಅವನು ಕಾಲಿನ ಹೆಬ್ಬೆರಳು ತಿರುವಿದ. ಆಮೇಲೆ, "ನಾಳಿ ಫೋನ್ ಮಾಡು ಡಾಕ್ಟರಿಗೆ" ಅಂದ. ಗೆದ್ದ ದಿನ ಅವನು ಅಷ್ಟು ಸಪ್ಪಗೆ ಕೂತದ್ದನ್ನು ನಾನು ನೋಡಿರಲಿಲ್ಲ.

ಸ್ಟೇಷನ್ನಿಗೆ ಬಿಡಲು ಹೋದಾಗ ಗೆಳತಿಯನ್ನು ಕೇಳಿದೆ, ಹೀಗಾಗುತ್ತದೆ ಎಂದು ನಿನಗೆ ಗೊತ್ತಿತ್ತೇ ಎಂದು. "ನಹೀ ಯಾರ್. ನಿನ್ನ ಬೈಗುಳ ಕೇಳಾಕ ಆಗಲಿಲ್ಲ. ಏನರೆ ಬದಲು ಆಗ್ಲಿ ಅಂತ ಅಂದೆ." ನಾನು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತುಬಿಟ್ಟೆ. ಅವಳ ಲೋಕಲ್ ಬಂತು, ಹೋಯಿತು, ಅವಳು ಹತ್ತಲಿಲ್ಲ.

ಆಪರೇಷನ್ನಿಗೆ ದಿನ ಕೊಟ್ಟ ಮೇಲೆ ಅವಳು ಸ್ಟುಡಿಯೋದಿಂದ ಒಳ್ಳೆಯ ಮೈಕು, ರೆಕಾರ್ಡರು ಹಿಡಿದು ಬಂದಳು. ನಿನ್ನ ದನಿ ಇಟ್ಟುಕೊಳ್ಳೋಣ, ಏನಾದರೂ ಮಾತಾಡು, ಒಂದು ಅರ್ಧ ತಾಸು ಅಂದಳು. ಅವನು ಮೈಕನ್ನು ತಿರುಗಿಸಿ ತಿರುಗಿಸಿ ನೋಡಿ, ಬಹಳ ಚಲೋ ಮಾಲು ಎಂದು ಹೊಗಳಿ, ಪೆಟ್ಟಿಗೆಯಲ್ಲಿ ಇಟ್ಟುಕೊಟ್ಟ.

"ನಾ ಲೈವ್ ಆರ್ಟಿಸ್ಟ್" ಅಂದ. "ರೆಕಾರ್ಡಿಂಗ್ ಮಾಡಂಗಿಲ್ಲ."

ನಾವು ಎಷ್ಟು ಗೋಗರೆದರೂ ಕೇಳಲಿಲ್ಲ. ವೈನಿಯ ಫೋನಿನಲ್ಲಿ ಅವನು ಅಂಗಡಿಯಿಂದ ಕಳಿಸಿದ ಒಂದಿಷ್ಟು ವಾಯ್ಸ್ ಮೆಸೇಜುಗಳಿವೆ. ಹಾಲು ತರ್ತೀನಿ, ಊಟಕ್ಕ ತಡಾ ಆಗತೈತಿ, ಮಿಕ್ಸರ್ ರಿಪೇರಿ ಆತು. ಅಷ್ಟೇ ಉಳಿದದ್ದು. ಅವನ್ನು ವೈನಿ ಇವತ್ತಿಗೂ ಯಾರಿಗೂ ಕೇಳಿಸಿಲ್ಲ.

ಆಪರೇಷನ್ ಸರಿಯಾಗಿ ಆಯಿತು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಓದುವವರಿಗೆ ಸುಮ್ಮನೆ ಜೀವ ಹಿಡಿದುಕೊಂಡು ಕೂಡುವ ಶಿಕ್ಷೆ ಬೇಡ. ಅವನು ಇದ್ದಾನೆ. ಕುತ್ತಿಗೆಗೆ ತೆಳ್ಳನೆಯ ಬಟ್ಟೆ ಕಟ್ಟಿಕೊಂಡು ಅಂಗಡಿಗೆ ಹೋಗುತ್ತಾನೆ. ಉಪಕರಣದ ಮಾತು ಎತ್ತಿದರೆ ಈಗಲೂ ಕೈ ಬೀಸಿ ಹೊರಗೆ ಹೋಗು ಎಂದು ತೋರಿಸುತ್ತಾನೆ. ನನ್ನ ಸಂಕಟ ಅದಲ್ಲ. ನನ್ನ ಸಂಕಟ ಆಪರೇಷನ್ನಿನ ಬೆಳಗಿನದು.

ಅದರ ಹಿಂದಿನ ರವಿವಾರ ಪುಣೆಯ ಮೂವರು ಹುಡುಗರ ಹೊಸ ಆಲ್ಬಂ ಒಯ್ದಿದ್ದೆ. ಕೇಳಿದೆವು. ಆದರೆ ಡಾಕ್ಟರು ಅವನಿಗೆ ಮಾತು ಕಡಿಮೆ ಮಾಡಲು ಹೇಳಿದ್ದರು, ವೈನಿ ಚಹಾದ ಜೊತೆ ಬಂದು ಕಾವಲು ಕೂತರು. ವಾದ ಆಗಲಿಲ್ಲ. ಅವನು ಡ್ರಮ್ಸ್ ಎಂದು ಅಷ್ಟೇ ಅಂದು ಮುಖ ಕಿವುಚಿದ. ನಾನೂ ಬಿಟ್ಟೆ.

ಆಪರೇಷನ್ನಿನ ಬೆಳಿಗ್ಗೆ ವಾರ್ಡಿನಲ್ಲಿ ವೈನಿ ಅವನ ಹತ್ತಿರ ಬಹಳ ಹೊತ್ತು ಕೂತಿದ್ದರು. ಏನು ಮಾತಾಡಿದರೆಂದು ಕೇಳುವುದು ನನ್ನ ಕೆಲಸವಲ್ಲ. ಆಮೇಲೆ ಹೊರಗೆ ಬಂದು, ನನಗೆ ಏನೂ ಹೇಳಲಿಲ್ಲ ಅಣ್ಣಾ, ಕೈ ಹಿಡಕೊಂಡು ಸುಮ್ಮ ಕುಂತರು, ಕಡೀಕ ಏನರೆ ಹೇಳಬಹುದು ಅಂತ ನಾನೂ ಸುಮ್ಮ ಕುಂತೆ ಅಂದರು. ಅಷ್ಟರಲ್ಲಿ ಸ್ಟ್ರೆಚರ್ ಬಂತು. ಹಸಿರು ಬಟ್ಟೆ ಹಾಕಿ ಅವನನ್ನು ಮಲಗಿಸಿದ್ದರು. ನಾನು ಒಂದು ಬದಿ, ವೈನಿ ಇನ್ನೊಂದು ಬದಿ ನಡೆದೆವು. ಗೆಳತಿ ಹಿಂದೆ ಚೀಲ ಹಿಡಿದು ಬರುತ್ತಿದ್ದಳು.

ನಡುದಾರಿಯಲ್ಲಿ ಅವನು ಕೈಸನ್ನೆ ಮಾಡಿ ನನ್ನನ್ನು ಕರೆದ. ಬಾಗಿದೆ.

"ನಿನ್ನ ಪುಣೆ ಹುಡುಗರು" ಅಂದ, ಉಸಿರಿನಷ್ಟೇ ದನಿಯಲ್ಲಿ. "ಡ್ರಮ್ಸ್ ಬಡದು ಬಡದು ಹಾಡು ಕೊಂದಾರ."

ನನಗೆ ಆ ಡ್ರಮ್ಸ್ ಇಷ್ಟ. ಆ ಆಲ್ಬಂನಲ್ಲಿ ನನಗೆ ಇಷ್ಟವಾದದ್ದೇ ಅದು. ಆದರೆ ಆ ಹೊತ್ತಿನಲ್ಲಿ ಯಾರು ವಾದ ಮಾಡುತ್ತಾರೆ? "ಹೌದಪಾ, ನೀ ಅಂದಿದ್ದs ಖರೇ" ಅಂದೆ.

ಅವನ ಮುಖ ಕೆಟ್ಟಿತು. ಅಷ್ಟು ಹೊತ್ತು ಹೆದರದೆ ಇದ್ದವನ ಕಣ್ಣಲ್ಲಿ ಆಗ ಹೆದರಿಕೆ ಕಂಡೆ. "ಪಾಪ ಅಂತ ತಲಿ ಅಲ್ಲಾಡಸೂದು ಈಗಿಂದs ಶುರು ಮಾಡಿದೇನು?" ಅಂದ. "ಸುಳ್ಳು ಹೇಳಬ್ಯಾಡಲೇ. ವಾದ ಮಾಡು."

ಮಾಡಿದೆ. ಸ್ಟ್ರೆಚರಿನ ಜೊತೆ ಓಡುತ್ತ ಓಡುತ್ತ ಮಾಡಿದೆ. ನಿನಗೆ ತಿಳಿಯೂದಿಲ್ಲ ಅಂದೆ, ಆ ಡ್ರಮ್ಸ್ ಇಲ್ಲದಿದ್ದರೆ ಆ ಆಲ್ಬಂ ಬರೀ ಅಳುಮುಂಜಿ, ಆ ಹುಡುಗ ಸಿಟ್ಟಿನಿಂದ ಬಾರಿಸುತ್ತಿದ್ದಾನೆ, ಹಾಡುವವನು ಹೇಳಲಾರದ್ದನ್ನು ಅವನು ಬಡಿದು ಹೇಳುತ್ತಿದ್ದಾನೆ, ನಿನ್ನ ಕಿವಿ ಮೊದಲೇ ಕೆಟ್ಟಿವೆ ಅಂದೆ. ದನಿ ಜೋರಾಯಿತು. ನರ್ಸು ಬೆರಳು ತುಟಿಗಿಟ್ಟು ಸುಮ್ಮನಿರಿ ಎಂದು ಗದರಿದಳು. ನಾನು ನಿಲ್ಲಿಸಲಿಲ್ಲ, ಅವನು ನಗುತ್ತಿದ್ದ. ದೊಡ್ಡ ಬಾಗಿಲು ತೆರೆಯಿತು, ಸ್ಟ್ರೆಚರ್ ಒಳಗೆ ಹೋಯಿತು. ಅವನು ತಲೆ ಹೊರಳಿಸಿ ನಮ್ಮ ಕಡೆ ನೋಡುತ್ತ ಏನೋ ಅಂದ. ತುಟಿ ಅಲ್ಲಾಡಿದ್ದು ಕಂಡಿತು. ಬಾಗಿಲು ಮುಚ್ಚಿಕೊಂಡಿತು.

ವೈನಿ ನನ್ನ ತೋಳು ಗಟ್ಟಿಯಾಗಿ ಹಿಡಿದರು.

"ಏನಂದ್ರು ಅಣ್ಣಾ? ಕಡೀಕ ಏನಂದ್ರು?"

"ಕೇಳಲಿಲ್ರಿ ವೈನಿ" ಅಂದೆ. "ನಾ ಮಾತಾಡಾಕತ್ತಿದ್ದೆ."